ದಪ್ಪ ದುಂಡಕ್ಷರದ ದಾರಿ: ಕಲ್ಯಾಣದ ಸೀಮೆಯಲ್ಲಿ ಫಲಕಾಕ್ಷರದ ಇತಿಹಾಸ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮುಡಬಿ, ಬಸವಕಲ್ಯಾಣ ಮತ್ತು ಹುಮನಾಬಾದ್ ಎಂಬ ಎರಡು ಪೇಟೆಗಳ ವ್ಯವಹಾರದ ವ್ಯಾಪ್ತಿಯಲ್ಲಿರುವ ಊರು. ಪಶ್ಚಿಮಕ್ಕೆ ಮರಾಠಿಯ ಸೀಮೆ, ಪೂರ್ವಕ್ಕೆ ತೆಲುಗಿನ ಸೀಮೆ ಹತ್ತಿರವಿದ್ದು, ಬಹಮನಿ ಸುಲ್ತಾನರ ಕಾಲದಿಂದ ಬೇರುಬಿಟ್ಟ ದಖನಿ ಊರೂರಿನ ಒಳಗೇ ನೆಲೆಸಿರುವುದರಿಂದ, ಈ ಭಾಗದ ಅಂಗಡಿ, ಶಾಲೆ, ಮಠ, ದರ್ಗಾಗಳ ಫಲಕಗಳಲ್ಲಿ ಕನ್ನಡ, ನಾಗರಿ, ಉರ್ದು ಹಾಗೂ ಇಂಗ್ಲಿಷ್ ಅಕ್ಷರಗಳು ಬೇರೆಬೇರೆ ಪ್ರಮಾಣದಲ್ಲಿ ಒಂದರ ಪಕ್ಕದಲ್ಲೊಂದು ಕಾಣಸಿಗುತ್ತವೆ; ತೆಲಂಗಾಣದ ಜಹೀರಾಬಾದಿನ ಕಡೆಗೆ ಹೋದಂತೆ ತೆಲುಗೂ ಸೇರಿಕೊಳ್ಳುತ್ತದೆ. ಇಂಥ ನೆಲದಲ್ಲಿ ಫಲಕದ ಅಕ್ಷರ ಹೇಗಿರಬೇಕೆಂಬುದು ಅಲಂಕಾರದ ಪ್ರಶ್ನೆಯಾಗಿ ಮಾತ್ರ ಉಳಿಯದೆ, ಯಾವ ಭಾಷೆ ದೂರದಿಂದಲೇ ಕಾಣಬೇಕು, ಯಾವುದು ಹತ್ತಿರ ಬಂದ ಮೇಲೆ ಓದಿಸಿಕೊಳ್ಳಬೇಕು ಎಂಬ ಪ್ರಶ್ನೆಯೂ ಆಗುತ್ತದೆ.

ಅಕ್ಷರವಿನ್ಯಾಸದ ಶಾಸ್ತ್ರದಲ್ಲಿ ಬರಹದ ಅಕ್ಷರಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸುವ ರೂಢಿಯಿದೆ. ಪುಸ್ತಕದ ಒಳಪುಟಗಳಲ್ಲಿ ಗಂಟೆಗಟ್ಟಲೆ ಓದಲು ಒದಗುವ ಸಣ್ಣ ಅಳತೆಯ ಅಕ್ಷರಗಳು ಒಂದು ವರ್ಗವಾದರೆ, ಶೀರ್ಷಿಕೆ, ಭಿತ್ತಿಪತ್ರ, ಜಾಹೀರಾತು ಮತ್ತು ನಾಮಫಲಕಗಳಲ್ಲಿ ಒಂದೆರಡು ಪದಗಳನ್ನು ಎದ್ದು ಕಾಣಿಸಲೆಂದೇ ರೂಪಿಸಿದ ದೊಡ್ಡ ಅಕ್ಷರಗಳು ಇನ್ನೊಂದು ವರ್ಗ. ಇವನ್ನು ಈ ಲೇಖನದಲ್ಲಿ ಫಲಕಾಕ್ಷರ ಎಂದು ಕರೆಯಲಾಗಿದೆ. ಗೆರೆಯ ದಪ್ಪ ಎಲ್ಲೆಡೆ ಬಹುಮಟ್ಟಿಗೆ ಒಂದೇ ಸಮನಾಗಿದ್ದು, ಗೆರೆಯ ತುದಿಗಳೂ ಮೂಲೆಗಳೂ ದುಂಡಗಾಗಿರುವ ದಪ್ಪಕ್ಷರವು ಫಲಕಾಕ್ಷರದ ಒಂದು ಪ್ರಮುಖ ಪ್ರಭೇದ. ಕನ್ನಡದಲ್ಲಿ ಇಂದು ಇದರ ಅತ್ಯಂತ ಪರಿಚಿತ ರೂಪ, ಮುಂಬಯಿಯ ಏಕ್ ಟೈಪ್ ಸಂಸ್ಥೆ ರೂಪಿಸಿದ ‘ಬಲೂ ತಮ್ಮ’ ಎಂಬ ಫಾಂಟು. ಈ ಬಗೆಯ ಅಕ್ಷರವನ್ನು ಪಾಶ್ಚಾತ್ಯ ಮಾದರಿಯೊಂದರ ಕನ್ನಡ ನಕಲೆಂದು ಭಾವಿಸುವುದು ಸುಲಭ. ಆದರೆ ಕಲ್ಯಾಣದ ಸೀಮೆಯ ಬರಹದ ಇತಿಹಾಸವನ್ನು ಅದರ ಉಪಕರಣಗಳ ಮೂಲಕ ಓದಿದರೆ, ಸಮದಪ್ಪದ ದುಂಡು ಗೆರೆಯೇ ಇಲ್ಲಿನ ಹಳೆಯ ರೂಢಿಯೆಂದೂ, ದಪ್ಪ ತೆಳುಗಳ ಏರಿಳಿತವುಳ್ಳ ಪುಸ್ತಕದಕ್ಷರವೇ ನಡುವೆ ಬಂದು ಸೇರಿದ ಹೊಸತೆಂದೂ ತಿಳಿಯುತ್ತದೆ.

ಎರಡು ಲಿಪಿಗಳು, ಎರಡು ಇತಿಹಾಸಗಳು

ಲ್ಯಾಟಿನ್ ಲಿಪಿಯಲ್ಲಿ ಗೆರೆಯ ಕೊನೆಗೆ ಸೇರಿಸುವ ಸಣ್ಣ ಅಡ್ಡಚಾಚನ್ನು ಸೆರಿಫ್ ಎನ್ನುತ್ತಾರೆ. ರೋಮನ್ ಶಿಲಾಶಾಸನಗಳ ಕಾಲದಿಂದ ಬಂದ ಈ ಚಾಚನ್ನು ಕೈಬಿಟ್ಟ ಮೊದಲ ಅಚ್ಚಿನ ಅಕ್ಷರ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್‌ನ 1816ರ ಮಾದರಿ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಕೈಗಾರಿಕೆ ಬೆಳೆದಂತೆ ಜಾಹೀರಾತುಗಳೂ ಬೆಳೆದವು, ಜಾಹೀರಾತಿಗೆ ದಪ್ಪಕ್ಷರ ಬೇಕಾಯಿತು, ದಪ್ಪಕ್ಷರದಲ್ಲಿ ತೆಳುವಾದ ಚಾಚುಗಳಿಗೆ ಎಡೆಯಿರಲಿಲ್ಲ. ಅದರ ಮುಂದಿನ ಹೆಜ್ಜೆಯಾಗಿ ಗೆರೆಯ ತುದಿಗಳನ್ನೂ ದುಂಡಗೆ ಮಾಡಿದ ಅಕ್ಷರಗಳು ಬಂದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗಾಗಿ ಸಿದ್ಧವಾಗಿ 1979ರಲ್ಲಿ ಬಳಕೆಗೆ ಬಂದ ‘ವಿಎಜಿ ರೌಂಡೆಡ್’ ಈ ಜಾತಿಯ ಜಗತ್ಪ್ರಸಿದ್ಧ ಉದಾಹರಣೆ. ಆದ್ದರಿಂದ ಲ್ಯಾಟಿನ್ನಿನಲ್ಲಿ ದುಂಡಾದ ದಪ್ಪಕ್ಷರವೆಂದರೆ ಎರಡು ಸಾವಿರ ವರ್ಷಗಳ ಪದ್ಧತಿಯೊಂದನ್ನು ಮೊದಲು ಚಾಚು ಕತ್ತರಿಸಿ, ಬಳಿಕ ಮೂಲೆ ತೇಯ್ದು ಪಡೆದ ರೂಪ.

ಕನ್ನಡದಲ್ಲಿ ಕತ್ತರಿಸಬೇಕಾದ ಚಾಚೇ ಇಲ್ಲ. ಅಕ್ಷರದ ನೆತ್ತಿಯ ಮೇಲಿನ ತಲೆಕಟ್ಟು ಸೆರಿಫಿನಂಥ ಅಲಂಕಾರವೆಂದು ತೋರಿದರೂ ಅದು ಅಕ್ಷರದ ಅಂಗವಾಗಿದ್ದು, ಸ್ವರಚಿಹ್ನೆ ಸೇರಿದಾಗ ರೂಪ ಬದಲಿಸುತ್ತದೆ: ಇಕಾರ ಬಂದಾಗ ತಲೆಕಟ್ಟು ಹೋಗಿ ಗುಡಿಸು ಎಂಬ ಸುತ್ತು ಕೂರುತ್ತದೆ, ಎಕಾರ ಬಂದಾಗ ಎತ್ವ ಎಂಬ ಬಳುಕು ಬರುತ್ತದೆ, ಉಕಾರಕ್ಕೆ ಬಲಗಡೆ ಕೊಂಬು ಮೂಡುತ್ತದೆ. ಹೀಗೆ ಅಕ್ಷರದ ಮೇಲ್ಭಾಗ ಓದಿಗೆ ಅತ್ಯಗತ್ಯವಾದ ಮಾಹಿತಿಯನ್ನು ಹೊತ್ತಿರುವುದರಿಂದ, ಕನ್ನಡದಲ್ಲಿ ಅಕ್ಷರಶೈಲಿಗಳ ಮುಖ್ಯ ವ್ಯತ್ಯಾಸವನ್ನು ಚಾಚು ಇದೆಯೋ ಇಲ್ಲವೋ ಎಂಬುದರಲ್ಲಿ ಹುಡುಕುವುದಕ್ಕಿಂತ, ಗೆರೆಯ ದಪ್ಪ ಸಮವಾಗಿದೆಯೋ ಏರಿಳಿಯುತ್ತದೆಯೋ ಎಂಬುದರಲ್ಲಿ ಹುಡುಕುವುದು ಸರಿ. ಗೆರೆಯ ಆ ಗುಣವನ್ನು ನಿರ್ಧರಿಸಿದ್ದು ಆಯಾ ಕಾಲದ ಬರೆಯುವ ಸಾಧನ.

ಉಳಿ, ಕಂಟ, ಬಳಪ

ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದವನು 1042ರಿಂದ 1068ರವರೆಗೆ ಆಳಿದ ಚಾಲುಕ್ಯ ಒಂದನೆಯ ಸೋಮೇಶ್ವರ. ಅವನ ಮಗ ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ದೀರ್ಘ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಶಾಸನಗಳನ್ನು ಬರೆಯಿಸುವ ಚಟುವಟಿಕೆ ಬಹಳವಾಗಿ ಹೆಚ್ಚಿತು. ಬ್ರಾಹ್ಮಿಯಿಂದ ಕವಲೊಡೆದು ಕದಂಬರ, ಬಾದಾಮಿ ಚಾಲುಕ್ಯರ, ರಾಷ್ಟ್ರಕೂಟರ ಕಾಲಗಳನ್ನು ದಾಟಿ ಬಂದ ಕನ್ನಡ ಲಿಪಿಯ ಕೋನಗಳು ಕ್ರಮೇಣ ಮಾಯವಾಗಿ, ಅಕ್ಷರಗಳು ಗುಂಡಗೆ ತುಂಬಿಕೊಂಡು, ಇಂದಿನ ರೂಪಕ್ಕೆ ಹತ್ತಿರವಾದುದು ಈ ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಚೆನ್ನಾಗಿ ಕಾಣುತ್ತದೆ. ಎ. ವಿ. ನರಸಿಂಹಮೂರ್ತಿ ಅವರ ‘ಕನ್ನಡ ಲಿಪಿಯ ಉಗಮ ಮತ್ತು ವಿಕಾಸ’ ಈ ಬದಲಾವಣೆಯನ್ನು ಶತಮಾನದಿಂದ ಶತಮಾನಕ್ಕೆ ಗುರುತಿಸಿದ ಪ್ರಸಿದ್ಧ ಅಧ್ಯಯನ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿರುವ ಚಾಲುಕ್ಯಕಾಲದ ದೇವಾಲಯದ ಹೊರಗೋಡೆಯ ಮೇಲೆ, ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಶ್ಲೋಕ ಸಂಸ್ಕೃತದ್ದಾದರೂ ಅಕ್ಷರ ಕನ್ನಡದ್ದು. ರಾಜನ ಕೀರ್ತಿಯನ್ನು ಶಿಲ್ಪದ ಅಲಂಕಾರದೊಳಗೇ ಓದುವಂತೆ ಇಟ್ಟಿರುವ ಈ ಕೃತಿ, ದಾನದ ವಿವರಗಳನ್ನು ತುಂಬಿದ ಉದ್ದನೆಯ ಶಾಸನಗಳಿಗಿಂತ ಭಿನ್ನವಾದುದು. ದಾನಶಾಸನವನ್ನು ಬೇಕಾದವರು ಬಂದು ಓದುತ್ತಿದ್ದರು. ಜಲಸಂಗ್ವಿಯ ಬರಹವಾದರೋ ಪ್ರದಕ್ಷಿಣೆ ಹಾಕುವವರ ಕಣ್ಣಿಗೆ ಬೀಳಲೆಂದು ಕೆತ್ತಿದ್ದು. ಪ್ರದರ್ಶನಕ್ಕಾಗಿ ಬರೆದ ಅಕ್ಷರವೆಂಬ ಅರ್ಥದಲ್ಲಿ ಇದನ್ನು ಈ ಸೀಮೆಯ ಫಲಕಾಕ್ಷರದ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಒಂದೆಂದು ಪರಿಗಣಿಸಬಹುದು.

ಕಲ್ಲಿನ ಮೇಲೆ ಉಳಿ ಕೊರೆಯುವ ಗೆರೆಯ ಅಗಲ ಉಳಿಯ ಬಾಯಿಯ ಅಗಲದಿಂದಲೂ ಏಟಿನ ಆಳದಿಂದಲೂ ನಿರ್ಧಾರವಾಗುವುದರಿಂದ, ಒಂದೇ ಅಕ್ಷರದೊಳಗೆ ದಪ್ಪ ತೆಳುಗಳ ಏರಿಳಿತಕ್ಕೆ ಅಲ್ಲಿ ಅವಕಾಶ ಕಡಿಮೆ. ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಂಟ, ಅಂದರೆ ಮೊನಚಾದ ಕಬ್ಬಿಣದ ಲೇಖನಿ, ಗರಿಯನ್ನು ಗೀರಿ ಹೋಗುವ ಸಾಧನ. ಗೀರಿನಲ್ಲಿ ಮಸಿ ಉಜ್ಜಿದಾಗ ಕಾಣುವ ಗೆರೆ ಎಲ್ಲ ದಿಕ್ಕಿನಲ್ಲೂ ಒಂದೇ ತೆಳುವಿನದು. ನೇರವಾದ ಅಡ್ಡಗೆರೆ ಗರಿಯ ನಾರಿನ ಜಾಡು ಹಿಡಿದು ಅದನ್ನು ಸೀಳಿಬಿಡಬಹುದೆಂಬ ಕಾರಣಕ್ಕೆ ದಕ್ಷಿಣದ ಲಿಪಿಗಳು ದುಂಡಾದವೆಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಅದು ಪೂರ್ಣ ಕಾರಣವೋ ಅಲ್ಲವೋ ಎಂಬ ಚರ್ಚೆ ಏನೇ ಇರಲಿ, ಗರಿಯ ಬರಹ ಸಮದಪ್ಪದ ಬರಹವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ವ್ಯಾಪಾರದ ಲೆಕ್ಕಪತ್ರಗಳಿಗೆ ಬಳಕೆಯಾಗುತ್ತಿದ್ದ ಕಡತವೂ ಅಂಥದೇ: ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ ಮಡಿಚಿದ ಬಟ್ಟೆಯ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುವಾಗ ಗೆರೆಯ ತುದಿ ತಾನಾಗಿ ದುಂಡಗಾಗುತ್ತದೆ. ಹೀಗೆ ಉಳಿ, ಕಂಟ, ಬಳಪ ಎಂಬ ಮೂರೂ ಸಾಧನಗಳು ಕನ್ನಡದ ಕಣ್ಣಿಗೆ ಸಮವಾದ ಗೆರೆಯನ್ನೇ ರೂಢಿ ಮಾಡಿಸಿದವು.

ಇದೇ ಸೀಮೆಯಲ್ಲಿ ಇನ್ನೊಂದು ಪರಂಪರೆ ಬೇರೆಯದೇ ರುಚಿಯನ್ನು ಬೆಳೆಸಿತು. ಹದಿನೈದನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯಾದ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗವನ್ನು ಬಣ್ಣದ ಹೆಂಚುಗಳ ಮೇಲಿನ ಅರಬ್ಬಿ ಬರಹ ಅಲಂಕರಿಸಿತ್ತು. ವಾರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯಿಂದ ಹುಟ್ಟಿದ ಆ ಬರಹದಲ್ಲಿ ಗೆರೆ ದಿಕ್ಕು ಬದಲಿಸಿದಂತೆಲ್ಲ ದಪ್ಪ ತೆಳುವಾಗುತ್ತದೆ, ಮತ್ತು ಆ ಏರಿಳಿತವೇ ಅದರ ಸೊಬಗು. ಮುಂದಿನ ಶತಮಾನಗಳಲ್ಲಿ ಪಾರಸಿ ಹಾಗೂ ಉರ್ದು ಬರಹಕ್ಕೆ ಒಗ್ಗಿದ ನಸ್ತಾಲಿಕ್ ಶೈಲಿ, ಅಂದರೆ ಪದಗಳು ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಜಾರಾಗಿ ಹರಿಯುವ ಬರಹ, ಇದೇ ಗುಣವನ್ನು ಇನ್ನಷ್ಟು ಮುಂದುವರಿಸಿತು. ಒಂದೇ ಪೇಟೆಯ ಬೀದಿಯಲ್ಲಿ ಸಮಗೆರೆಯ ಲಿಪಿಯೂ ಏರಿಳಿತದ ಲಿಪಿಯೂ ಜೊತೆಯಾಗಿ ನಿಲ್ಲಬೇಕಾದ ಪ್ರಸಂಗ ಹೀಗೆ ಒದಗಿತು.

ಫಲಕವಿಲ್ಲದ ಕನ್ನಡ

ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ನಡೆಯಿತು. ಕಚೇರಿ, ನ್ಯಾಯಾಲಯ, ಶಾಲೆಗಳ ಹೆಸರುಗಳು ಉರ್ದುವಿನಲ್ಲಿದ್ದ ಆ ಕಾಲದಲ್ಲಿ ಕನ್ನಡವು ಮನೆ, ಮಠ ಮತ್ತು ಹೊಲದ ಭಾಷೆಯಾಗಿ ಉಳಿದು, ಬೀದಿಯ ಬರಹದಿಂದ ಬಹುಮಟ್ಟಿಗೆ ದೂರವಾಯಿತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಲು ಕಂಡುಕೊಂಡ ದಾರಿ ಈ ಸ್ಥಿತಿಯನ್ನು ಸ್ಪಷ್ಟಗೊಳಿಸುತ್ತದೆ: ಶಾಲೆಯ ಹೊರಗೆ ಉರ್ದುವಿನಲ್ಲಿ ಬರೆದ ಫಲಕ ಹಾಕಿ, ಒಳಗೆ ಮಕ್ಕಳಿಗೆ ಕನ್ನಡದ ಪಾಠ ಹೇಳಿಸುತ್ತಿದ್ದರು. ಭಾಷೆ ಬದುಕಿತ್ತು, ಅದಕ್ಕೆ ಓದುಗರೂ ತಯಾರಾಗುತ್ತಿದ್ದರು. ಆದರೆ ಫಲಕದ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಈ ಸಂಗತಿ ಅಕ್ಷರದ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದೆ. ಹಳೆಯ ಮೈಸೂರು ಮತ್ತು ಮುಂಬಯಿ ಕರ್ನಾಟಕದ ಪೇಟೆಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಕನ್ನಡದ ನಾಮಫಲಕ, ನಾಟಕದ ಭಿತ್ತಿಪತ್ರ, ಪತ್ರಿಕೆಯ ಶೀರ್ಷಿಕೆಗಳು ಬೆಳೆಯುತ್ತಿದ್ದಾಗ, ಕಲ್ಯಾಣದ ಸೀಮೆಯಲ್ಲಿ ಆ ಬೆಳವಣಿಗೆ ತಡವಾಯಿತು. ಸಂಸ್ಥಾನವು 1948ರ ಸೆಪ್ಟೆಂಬರ್‌ನಲ್ಲಿ ಭಾರತ ಒಕ್ಕೂಟದೊಳಕ್ಕೆ ಬಂದಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಅದೇ ಮರುವಿಂಗಡಣೆಯಲ್ಲಿ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಕಲ್ಯಾಣಿ ಎಂದು ಕರೆಯಿಸಿಕೊಳ್ಳುತ್ತಿದ್ದ ಪಟ್ಟಣ ಬಸವಕಲ್ಯಾಣವಾಯಿತು. ಕಚೇರಿಗಳ, ಶಾಲೆಗಳ, ಊರುಗಳ ಹೆಸರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯುವ ಕೆಲಸ ಈ ಭಾಗದಲ್ಲಿ ವ್ಯಾಪಕವಾದುದು ಅಲ್ಲಿಂದ ಮುಂದೆ, ಮತ್ತು ಅದನ್ನು ಮಾಡಿದ್ದು ಅಚ್ಚುಕೂಟವಲ್ಲ, ಕುಂಚ.

ಅಚ್ಚುಮೊಳೆ ತಂದ ಏರಿಳಿತ

ಕನ್ನಡದ ಅಚ್ಚಿನ ಅಕ್ಷರ ಹುಟ್ಟಿದ್ದು ಕನ್ನಡನಾಡಿನಿಂದ ಬಹುದೂರದಲ್ಲಿ. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಮುದ್ರಣವಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಈ ದಾರಿಯ ಆರಂಭದ ಕೃತಿ. ಆ ಬಳಿಕ ಬಳ್ಳಾರಿ, ಮದರಾಸು, ಬೆಂಗಳೂರು, ಮಂಗಳೂರುಗಳಲ್ಲಿ ಮಿಶನರಿಗಳ ಮುದ್ರಣಾಲಯಗಳು ಅಚ್ಚುಮೊಳೆಗಳನ್ನು, ಅಂದರೆ ಅಕ್ಷರವನ್ನು ತಲೆಯ ಮೇಲೆ ಹೊತ್ತ ಸೀಸದ ಕಡ್ಡಿಗಳನ್ನು, ಮತ್ತೆ ಮತ್ತೆ ತಿದ್ದಿಸಿ ಎರಕ ಹೊಯ್ಯಿಸಿದವು. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಮೊದಲಿಗೆ ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ನಯವಾದ ಕಲ್ಲಿಗೆ ಇಳಿಸಿ ಒತ್ತುವ ವಿಧಾನದಲ್ಲಿ, ಮುದ್ರಣವಾದರೆ, 1894ರ ಕಿಟ್ಟೆಲ್ ನಿಘಂಟಿನ ಹೊತ್ತಿಗೆ ಸಣ್ಣ ಅಳತೆಯ ಕನ್ನಡ ಮೊಳೆಗಳು ಪ್ರೌಢ ರೂಪಕ್ಕೆ ಬಂದಿದ್ದವು. ವಚನಗಳೂ ಇದೇ ಹಾದಿಯಲ್ಲಿ ಸಾಗಿದವು: ಕಲ್ಯಾಣದಲ್ಲಿ ಹುಟ್ಟಿ ತಾಳೆಗರಿಯಲ್ಲಿ ಉಳಿದುಬಂದ ಆ ಸಾಹಿತ್ಯವನ್ನು ಫ. ಗು. ಹಳಕಟ್ಟಿಯವರು 1923ರಿಂದ ‘ವಚನಶಾಸ್ತ್ರಸಾರ’ದ ಮೂಲಕ ಅಚ್ಚಿಗೆ ತಂದಾಗ, ಕಂಟದ ಸಮಗೆರೆಯಿಂದ ಸೀಸದ ಮೊಳೆಯ ಗೆರೆಗೆ ಅದು ದಾಟಿತು.

ಯುರೋಪಿನ ಲೇಖನಿಯ ಅಭ್ಯಾಸವನ್ನು ಬೆನ್ನಿಗಿಟ್ಟುಕೊಂಡು ಬಂದ ಅಚ್ಚುಕಲೆ, ಕನ್ನಡದ ದುಂಡು ಗೆರೆಗೆ ದಪ್ಪ ತೆಳುಗಳ ಏರಿಳಿತವನ್ನು ಸೇರಿಸಿತು. ಸಣ್ಣ ಅಳತೆಯಲ್ಲಿ ಇದರಿಂದ ಲಾಭವೇ ಆಯಿತು. ಸುತ್ತಿನ ಒಂದು ಭಾಗ ತೆಳುವಾದಾಗ ಒಳಗಿನ ಬಿಳಿ ಜಾಗ ಉಳಿದು, ಮಸಿ ಹರಡಿದರೂ ಅಕ್ಷರ ಮುಚ್ಚಿಹೋಗುವುದಿಲ್ಲ. ಆದರೆ ದೊಡ್ಡ ಅಳತೆಯ ಮೊಳೆಗಳು ತೂಕದಲ್ಲೂ ಬೆಲೆಯಲ್ಲೂ ಭಾರವಾಗಿದ್ದವು. ಕಾಗುಣಿತ ಮತ್ತು ಒತ್ತಕ್ಷರಗಳೆಲ್ಲ ಸೇರಿ ಒಂದು ಅಳತೆಯ ಕನ್ನಡ ಮೊಳೆಗಳಿಗೆ ನೂರಾರು ಬೇರೆಬೇರೆ ಕಡ್ಡಿಗಳು ಬೇಕಾಗುತ್ತಿದ್ದುದರಿಂದ, ಇಂಗ್ಲಿಷಿನಂತೆ ಹತ್ತಾರು ಬಗೆಯ ಶೀರ್ಷಿಕೆಯ ಅಕ್ಷರಗಳನ್ನು ಇಟ್ಟುಕೊಳ್ಳುವುದು ಸಣ್ಣ ಮುದ್ರಣಾಲಯಗಳಿಗೆ ಸಾಧ್ಯವಿರಲಿಲ್ಲ. ಈ ಕಾರಣದಿಂದ ಕನ್ನಡದಲ್ಲಿ ಫಲಕಾಕ್ಷರದ ಬೆಳವಣಿಗೆ ಅಚ್ಚುಕೂಟದ ಹೊರಗೆ, ಪುಸ್ತಕದ ಮುಖಪುಟ ಬರೆಯುವ ಕಲಾವಿದರ, ಸಿನಿಮಾ ಹೆಸರು ಬರೆಯುವವರ ಮತ್ತು ಊರೂರಿನ ಬೋರ್ಡ್ ಪೇಂಟರುಗಳ ಕೈಯಲ್ಲಿ ನಡೆಯಿತು.

ಕುಂಚದ ಕಾಲ

ಬೋರ್ಡ್ ಬರೆಯುವ ಕಸುಬಿನ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ತಗಡಿಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ತಳದ ಬಣ್ಣ ಕೊಟ್ಟು, ಸುಣ್ಣದ ಪುಡಿ ಹಚ್ಚಿದ ನೂಲನ್ನು ಎರಡು ತುದಿಯಲ್ಲಿ ಎಳೆದು ಹಿಡಿದು ಹೊಡೆದಾಗ ಸಾಲಿನ ಗೆರೆಗಳು ಮೂಡುತ್ತವೆ. ಆ ಗೆರೆಗಳ ನಡುವೆ ಸೀಮೆಸುಣ್ಣದಿಂದ ಅಕ್ಷರದ ಮೈ ಗುರುತಿಸಿ, ಎನಾಮಲ್ ಬಣ್ಣದಿಂದ ತುಂಬಿ, ಕೊನೆಗೆ ಒಂದು ಪಕ್ಕಕ್ಕೆ ಬೇರೆ ಬಣ್ಣದ ಶೇಡ್, ಅಂದರೆ ನೆರಳುಗೆರೆ, ಎಳೆಯುತ್ತಾರೆ. ಕುಂಚವನ್ನು ಊರಿ ಎಳೆದು ಎತ್ತಿದಾಗ ಗೆರೆಯ ಕೊನೆ ಸಹಜವಾಗಿಯೇ ದುಂಡಗಾಗುತ್ತದೆ. ಚೌಕವಾದ ಕೊನೆ ಬೇಕಾದರೆ ಚಪ್ಪಟೆ ಕುಂಚದಿಂದ ಎರಡನೆಯ ಬಾರಿ ತಿದ್ದಬೇಕು. ದಿನಕ್ಕೆ ಹಲವು ಬೋರ್ಡು ಮುಗಿಸಬೇಕಾದ, ಗೋಡೆಯ ಮೇಲೆ ಗಜಗಟ್ಟಲೆ ಬರೆಯಬೇಕಾದ ಕೈಗೆ ದುಂಡು ತುದಿ ಶ್ರಮ ಉಳಿಸುವ ರೂಪ. ಹೀಗಾಗಿ ಗೊಬ್ಬರದ ಜಾಹೀರಾತು, ಕುಟುಂಬ ಯೋಜನೆಯ ಗೋಡೆಬರಹ, ಸಹಕಾರ ಸಂಘದ ಫಲಕ, ಬಸ್ಸಿನ ಮಾರ್ಗಫಲಕ ಮುಂತಾದ ಕಡೆಗಳಲ್ಲಿ ಸಮದಪ್ಪದ ದುಂಡಕ್ಷರ ಹೆಚ್ಚಾಗಿ ಕಾಣಿಸಿಕೊಂಡಿತು.

ಪುಣೆ ಮತ್ತು ಹೈದರಾಬಾದುಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ ಹುಮನಾಬಾದಿನ ಮೂಲಕ ಹಾದುಹೋಗುತ್ತದೆ, ಮತ್ತು ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ದುರಸ್ತಿಯೂ ಬಾಡಿ ಕಟ್ಟುವ ಕೆಲಸವೂ ನಡೆಯುತ್ತದೆ. ಲಾರಿಯ ಮೈಮೇಲೆ ಹೆಸರು, ಊರು, ದೇವರ ಸ್ಮರಣೆ ಬರೆಯುವುದು ಬಾಡಿ ಕಟ್ಟುವ ಕೆಲಸದ ಕೊನೆಯ ಹಂತವಾದುದರಿಂದ, ಇಂಥ ಪೇಟೆಯ ಪೇಂಟರನಿಗೆ ಕನ್ನಡದ ಜೊತೆಗೆ ನಾಗರಿ, ಉರ್ದು, ಇಂಗ್ಲಿಷ್ ಅಕ್ಷರಗಳ ಪರಿಚಯವೂ ಬೇಕಾಗುತ್ತದೆ. ಓಡುವ ವಾಹನದ ಮೇಲಿನ ಬರಹ ಕ್ಷಣಮಾತ್ರ ಕಾಣಿಸುವಂಥದಾದ್ದರಿಂದ ಅಲ್ಲಿಯೂ ದಪ್ಪಕ್ಷರಕ್ಕೇ ಬೆಲೆ.

ನಾಲ್ಕು ಲಿಪಿಗಳನ್ನು ಒಂದೇ ಬೋರ್ಡಿನಲ್ಲಿ ಸರಿದೂಗಿಸುವುದು ಕಸುಬಿನ ಕಠಿಣ ಭಾಗ. ನಾಗರಿಯಲ್ಲಿ ಶಿರೋರೇಖೆ, ಅಂದರೆ ಪದದ ಉದ್ದಕ್ಕೂ ನೆತ್ತಿಯ ಮೇಲೆ ಹಾಯುವ ಗೆರೆ, ಸಾಲಿಗೆ ತನ್ನಷ್ಟಕ್ಕೇ ಕಪ್ಪಾದ ಪಟ್ಟಿಯೊಂದನ್ನು ಕೊಡುತ್ತದೆ. ನಸ್ತಾಲಿಕ್ ಇಳಿಜಾರಾಗಿ ಹರಿದು ಹೆಚ್ಚು ಎತ್ತರ ಬೇಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಇಟ್ಟಿಗೆಗಳಂತೆ ಕೂರುತ್ತವೆ. ಕನ್ನಡದ ಕಷ್ಟ ಒತ್ತಕ್ಷರದಲ್ಲಿದೆ, ಅಂದರೆ ವ್ಯಂಜನಗಳು ಕೂಡಿದಾಗ ಎರಡನೆಯದು ಚಿಕ್ಕದಾಗಿ ಸಾಲಿನ ಕೆಳಕ್ಕೆ ಇಳಿಯುವುದರಲ್ಲಿ. ‘ಮುಡಬಿ’ ಎಂಬ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲದಿರುವುದರಿಂದ ಅದನ್ನು ಫಲಕದ ಪೂರ್ಣ ಎತ್ತರಕ್ಕೆ ಹಿಗ್ಗಿಸಿ ಬರೆಯಬಹುದು. ‘ಬಸವಕಲ್ಯಾಣ’ದಲ್ಲಿ ಒಂದೇ ಒಂದು ಯಕಾರದ ಒತ್ತು ಕೆಳಗಿಳಿಯುವುದರಿಂದ, ಅದಕ್ಕೆ ಜಾಗ ಬಿಡಲು ಉಳಿದ ಅಕ್ಷರಗಳೆಲ್ಲ ಕುಗ್ಗಬೇಕಾಗುತ್ತದೆ. ಅನುಭವಿ ಪೇಂಟರು ಒತ್ತನ್ನು ತುಸು ಮೇಲಕ್ಕೆ ಒತ್ತರಿಸಿ, ಮಕಾರದಂಥ ಅಗಲವಾದ ಅಕ್ಷರವನ್ನು ಬಿಗಿಮಾಡಿ, ಡಕಾರದಂಥದನ್ನು ಹಿಗ್ಗಿಸಿ, ಆಯಾ ಫಲಕಕ್ಕೆ ಆಯಾ ಪರಿಹಾರ ಕಂಡುಕೊಳ್ಳುತ್ತಿದ್ದರು. ಈ ತೀರ್ಮಾನಗಳು ಯಾವ ಪುಸ್ತಕದಲ್ಲೂ ದಾಖಲಾಗದೆ, ಗುರುವಿನಿಂದ ಶಿಷ್ಯನ ಕೈಗೆ ದಾಟಿದವು.

ಫಾಂಟು ಕುಟುಂಬದೊಳಗಿನ ಐದು ಲಿಪಿ

ಕನ್ನಡದ ಗಣಕಾಕ್ಷರಗಳ ಮೊದಲ ದಶಕಗಳು ಪಠ್ಯದ ಅಕ್ಷರಗಳವು. ಫೋಟೋ ಅಕ್ಷರಜೋಡಣೆಗೆ ಕನ್ನಡವನ್ನು ಅಳವಡಿಸಿ, ಇಂದಿಗೂ ಬಳಕೆಯಲ್ಲಿರುವ ಕೀಲಿಮಣೆಯ ವಿನ್ಯಾಸಕ್ಕೆ ಬುನಾದಿ ಹಾಕಿದವರು ಕೆ. ಪಿ. ರಾವ್. ಪುಣೆಯ ಶ್ರೀಲಿಪಿ, 1998ರಲ್ಲಿ ಬಂದ ಬರಹ, ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶಗಳು ಡಿಟಿಪಿ ಕೇಂದ್ರಗಳನ್ನು ಊರೂರಿಗೆ ತಲುಪಿಸಿದವು. ಅದೇ ಹೊತ್ತಿಗೆ ಫ್ಲೆಕ್ಸ್, ಅಂದರೆ ಪಿವಿಸಿ ಬಟ್ಟೆಯ ಮೇಲೆ ನೇರವಾಗಿ ಮುದ್ರಿಸುವ ವಿಧಾನ, ಅಗ್ಗವಾಗಿ ದೊರೆಯತೊಡಗಿ ಕುಂಚದ ಕಸುಬನ್ನು ಹಿಂದಕ್ಕೆ ತಳ್ಳಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ನಿಷೇಧಿಸಿದರೂ ಪೇಟೆಗಳ ಚಹರೆ ಅಷ್ಟರಲ್ಲಿ ಬದಲಾಗಿತ್ತು. ಆದರೆ ಫ್ಲೆಕ್ಸ್‌ಗೆ ಬೇಕಾದ ಒಳ್ಳೆಯ ದಪ್ಪಕ್ಷರಗಳು ಕನ್ನಡದಲ್ಲಿ ವಿರಳವಾಗಿದ್ದವು. ಪಠ್ಯದ ಅಕ್ಷರವನ್ನೇ ಹಿಗ್ಗಿಸಿ, ಸುತ್ತಲೂ ಗೆರೆ ಬಳಿದು ಕೃತಕವಾಗಿ ದಪ್ಪ ಮಾಡಿದಾಗ ಅಕ್ಷರದ ಒಳಬಯಲು ಮುಚ್ಚಿಹೋಗುತ್ತಿತ್ತು.

ಕನ್ನಡದಲ್ಲಿ ಒಳಬಯಲು ಮುಚ್ಚಿದರೆ ಆಗುವ ನಷ್ಟ ಸಣ್ಣದಲ್ಲ. ಠಕಾರವನ್ನು ರಕಾರದಿಂದ ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ದಕಾರವನ್ನು ಧಕಾರವಾಗಿಸುವುದು ಕೆಳಗಿನ ಸೀಳು, ಅಂದರೆ ಮಹಾಪ್ರಾಣವನ್ನು ಸೂಚಿಸುವ ಸಣ್ಣ ಲಂಬಗೆರೆ. ದಕಾರಕ್ಕೆ ಆ ಚುಕ್ಕೆಯೂ ಸೀಳೂ ಸೇರಿದರೆ ಥಕಾರ. ಪಕಾರವನ್ನು ಷಕಾರವಾಗಿಸುವುದು ಒಳಗಿನ ಒಂದು ಗೆರೆ. ಗೆರೆ ದಪ್ಪವಾದಂತೆ ಈ ಗುರುತುಗಳಿಗೆ ಜಾಗ ಕಡಿಮೆಯಾಗುತ್ತಾ ಹೋಗುವುದರಿಂದ, ಕನ್ನಡದ ದಪ್ಪಕ್ಷರವನ್ನು ರೂಪಿಸುವವರು ಗೆರೆಗಳು ಕೂಡುವ ಕಡೆಯಲ್ಲಿ ಸೂಕ್ಷ್ಮವಾಗಿ ತೆಳುಗೊಳಿಸಿ, ಸೀಳಿಗೂ ಚುಕ್ಕೆಗೂ ಉಸಿರಾಡಲು ಎಡೆ ಕೊಡಬೇಕು. ಕಣ್ಣಿಗೆ ಸಮವೆಂದು ತೋರುವ ಗೆರೆ ಅಳತೆಯಲ್ಲಿ ಸಮವಾಗಿರುವುದಿಲ್ಲ ಎಂಬುದು ಈ ಕಲೆಯ ಒಳಗುಟ್ಟು.

ಏಕ್ ಟೈಪ್ ಸಂಸ್ಥೆ ಕರಡಿಯೊಂದರ ಹೆಸರಿನಲ್ಲಿ ರೂಪಿಸಿದ ಬಲೂ ಕುಟುಂಬ ಈ ಕೊರತೆಯ ನಡುವೆ 2016ರ ಸುಮಾರಿಗೆ ಗೂಗಲ್ ಫಾಂಟ್ಸ್ ಮೂಲಕ ಹೊರಬಂದಿತು. ನಾಗರಿಯ ಬಲೂವನ್ನು ಸಾರಂಗ್ ಕುಲಕರ್ಣಿ ವಿನ್ಯಾಸಗೊಳಿಸಿದರೆ, ಕನ್ನಡದ ಬಲೂ ತಮ್ಮ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಅವರ ಕೆಲಸ. ತೆಲುಗಿಗೆ ಬಲೂ ತಮ್ಮುಡು, ಉರ್ದುವಿಗೆ ಬಲೂ ಭಾಯಿಜಾನ್, ತಮಿಳಿಗೆ ಬಲೂ ತಂಬಿ, ಮಲಯಾಳಕ್ಕೆ ಬಲೂ ಚೇಟ್ಟನ್ ಹೀಗೆ ಒಂದೊಂದು ಲಿಪಿಗೂ ಒಂದೊಂದು ಫಾಂಟು ಬಂದಿತು. ಒಂದೇ ಮಾದರಿಯನ್ನು ಎಲ್ಲ ಲಿಪಿಗಳಿಗೆ ತೊಡಿಸುವ ಬದಲು, ಬೇರೆಬೇರೆ ವಿನ್ಯಾಸಕರು ತಮ್ಮ ತಮ್ಮ ಲಿಪಿಯ ಜಾಯಮಾನವನ್ನು ಉಳಿಸಿಕೊಂಡು, ಗೆರೆಯ ದಪ್ಪ, ತುದಿಯ ದುಂಡುತನ ಮತ್ತು ಒಟ್ಟಾರೆ ಮೈಕಟ್ಟಿನಲ್ಲಿ ಮಾತ್ರ ಹೊಂದಾಣಿಕೆ ಸಾಧಿಸಿದರು. ಮೊದಲಿಗೆ ಒಂದೇ ದಪ್ಪದಲ್ಲಿದ್ದ ಇದು ಮುಂದೆ ‘ಬಲೂ 2’ ಎಂಬ ಆವೃತ್ತಿಯಲ್ಲಿ ಸಾಧಾರಣದಿಂದ ಅತಿದಪ್ಪದವರೆಗಿನ ಐದು ಹಂತಗಳನ್ನು ಪಡೆಯಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು, ತಿದ್ದಲು, ಹಂಚಲು ಅವಕಾಶ ಕೊಡುವ ಮುಕ್ತ ಪರವಾನಗಿಯಲ್ಲಿ ಇದು ದೊರೆಯುವುದೂ, ಯೂನಿಕೋಡ್ ಸಂಕೇತವನ್ನು ಅನುಸರಿಸುವುದೂ ಇದರ ಹರಡುವಿಕೆಗೆ ನೆರವಾದವು.

ಬೆಂಗಳೂರಿನಲ್ಲಿ ಈ ಕುಟುಂಬದ ಒಬ್ಬ ಸದಸ್ಯನಷ್ಟೇ ಸಾಕಾಗಬಹುದು. ಕಲ್ಯಾಣದ ಸೀಮೆಯಲ್ಲಾದರೆ ಕನ್ನಡ, ನಾಗರಿ, ಉರ್ದು, ತೆಲುಗು, ಇಂಗ್ಲಿಷ್ ಐದೂ ಒಂದೇ ಕುಟುಂಬದೊಳಗೆ ಸಿಗುವುದಕ್ಕೆ ನಿಜವಾದ ಉಪಯೋಗವಿದೆ. ಪೇಂಟರು ಪ್ರತಿ ಬೋರ್ಡಿನಲ್ಲೂ ಕಣ್ಣಳತೆಯಿಂದ ಸಾಧಿಸುತ್ತಿದ್ದ ಸಮತೂಕವನ್ನು ಇಲ್ಲಿ ವಿನ್ಯಾಸಕರು ಮೊದಲೇ ಕಟ್ಟಿಕೊಟ್ಟಿದ್ದಾರೆ. ಆದರೆ ಎಲ್ಲ ಲಿಪಿಗಳಿಗೂ ಇದರ ಬೆಲೆ ಒಂದೇ ಅಲ್ಲ. ಸಮಗೆರೆಯ ಪರಂಪರೆಯುಳ್ಳ ಕನ್ನಡ ಮತ್ತು ತೆಲುಗುಗಳು ಈ ರೂಪಕ್ಕೆ ಸಲೀಸಾಗಿ ಹೊಂದಿಕೊಂಡರೆ, ನಸ್ತಾಲಿಕ್‌ನ ಇಳಿಜಾರು ಮತ್ತು ಏರಿಳಿತಗಳಿಗೆ ಒಗ್ಗಿದ ಉರ್ದು ಓದುಗನು ಸಮತಲದ ಸಾಲಿನ ಮೇಲೆ ಕುಳಿತ ದಪ್ಪ ದುಂಡಕ್ಷರಕ್ಕೆ ತನ್ನ ರುಚಿಯನ್ನು ಹೆಚ್ಚಾಗಿ ಬಿಟ್ಟುಕೊಡಬೇಕಾಗುತ್ತದೆ. ಹೊಂದಾಣಿಕೆಯ ಹೊರೆ ಒಂದು ಕಾಲದಲ್ಲಿ ಕನ್ನಡದ ಮೇಲಿದ್ದ ಸೀಮೆಯಲ್ಲಿ ಅದು ಈಗ ಬೇರೆ ಲಿಪಿಯ ಕಡೆಗೆ ವಾಲಿರುವುದನ್ನು ಇತಿಹಾಸಕಾರ ಗಮನಿಸಲೇಬೇಕು.

ಅಳತೆ ಮತ್ತು ಓದು

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ, ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ವಿಧಿಸಿದೆ. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಜಿಲ್ಲೆಯಲ್ಲಿ ಇಂಥ ಕಾಯ್ದೆಗೆ ಬೇರೆಡೆಗಿಂತ ಹೆಚ್ಚಿನ ಐತಿಹಾಸಿಕ ತೂಕವಿದೆ. ಆದರೆ ಕಾಯ್ದೆ ಅಳೆಯುವುದು ಪ್ರಮಾಣವನ್ನು. ಓದು ನಿಂತಿರುವುದು ರೂಪದ ಮೇಲೆ. ತಲೆಕಟ್ಟಿಗೂ ಒತ್ತಿಗೂ ಎತ್ತರ ಹಂಚಿಕೊಡಬೇಕಾದ ಕನ್ನಡದಲ್ಲಿ ಅಕ್ಷರದ ಮುಖ್ಯ ಮೈ ಪಡೆಯುವ ಎತ್ತರ, ಅಷ್ಟೇ ಜಾಗ ಪಡೆದ ಇಂಗ್ಲಿಷಿನ ದೊಡ್ಡಕ್ಷರಕ್ಕಿಂತ ಬಹಳ ಕಡಿಮೆ. ಆದ್ದರಿಂದ ಜಾಗದಲ್ಲಿ ಹೆಚ್ಚಿರುವ ಕನ್ನಡ ಕಣ್ಣಿಗೆ ಕಡಿಮೆಯಾಗಿ ತೋರುವುದು ಸಾಧ್ಯ, ಮತ್ತು ಆ ಅಂತರವನ್ನು ತುಂಬುವುದು ಅಕ್ಷರದ ದಪ್ಪ, ಒಳಬಯಲು ಹಾಗೂ ಒತ್ತಿನ ಕೂರಿಕೆಗಳು.

ಈ ಕೊನೆಯ ಅಂಶದಲ್ಲಿ ಫಾಂಟು ಪೇಂಟರನಿಗಿಂತ ಹಿಂದೆ ಇದೆ. ‘ಬಸವಕಲ್ಯಾಣ’ದ ಒಂದು ಒತ್ತಿಗಾಗಿ ಇಡೀ ಸಾಲನ್ನು ಕುಗ್ಗಿಸದೆ ಆ ಒತ್ತನ್ನೇ ಮೇಲಕ್ಕೆಳೆದುಕೊಂಡ ಜಾಣ್ಮೆ ಸಿದ್ಧಾಕ್ಷರಗಳಲ್ಲಿ ತಾನಾಗಿ ಒದಗುವುದಿಲ್ಲ; ಎಲ್ಲ ಪದಗಳಿಗೂ ಸಲ್ಲುವಂತೆ ಮಾಡಿದ ಅಳತೆ ಯಾವ ಒಂದು ಪದಕ್ಕೂ ತಕ್ಕಂತೆ ಬಗ್ಗುವುದಿಲ್ಲ. ಏಕ್ ಟೈಪ್ ಸಂಸ್ಥೆಯೇ 2022ರಲ್ಲಿ ಹೊರತಂದ ‘ಅನೇಕ್’ ಕುಟುಂಬದ ಕನ್ನಡ ಫಾಂಟಿನಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಲು ಸಾಧ್ಯವಾಗಿರುವುದರಿಂದ, ಅಗಲದ ಸಮಸ್ಯೆ ಅರ್ಧ ಪರಿಹಾರವಾಗಿದೆ. ಎತ್ತರದ ಸಮಸ್ಯೆ ಇನ್ನೂ ಉಳಿದಿದೆ. ಕನ್ನಡದ ದಪ್ಪ ದುಂಡಕ್ಷರದ ಮುಂದಿನ ಬೆಳವಣಿಗೆ ಆ ಕಡೆಗೆ ಸಾಗಬೇಕಾದರೆ, ಅದಕ್ಕೆ ಬೇಕಾದ ಮಾದರಿಗಳು ಲಂಡನ್ನಿನ ಅಥವಾ ಜರ್ಮನಿಯ ಮಾದರಿ ಪುಸ್ತಕಗಳಲ್ಲಿ ಇಲ್ಲ. ಅವು ಜಲಸಂಗ್ವಿಯ ಕಲ್ಲಿನಿಂದ ಹಿಡಿದು ಬಸವಕಲ್ಯಾಣದ ಲಾರಿಗಳ ಮೈಮೇಲಿನ ಬಣ್ಣದವರೆಗೆ ಹರಡಿಕೊಂಡಿವೆ. ಶಾಸನಗಳಿಗೆ ಪಡಿಯಚ್ಚು ತೆಗೆದು ಸಂಪುಟಗಳಲ್ಲಿ ಪ್ರಕಟಿಸುವ ಪದ್ಧತಿ ನೂರು ವರ್ಷಗಳಿಗೂ ಹಳೆಯದು. ಬೋರ್ಡ್ ಬರೆದವರ ಕೆಲಸಕ್ಕೂ ಅದೇ ಬಗೆಯ ದಾಖಲೆ ಆಗಬೇಕಾದುದು, ಹಳೆಯದರ ಮೇಲಿನ ಮಮತೆಗಿಂತ ಹೆಚ್ಚಾಗಿ, ಮುಂದಿನ ಅಕ್ಷರಗಳ ಅಗತ್ಯಕ್ಕಾಗಿ.